ಹನ್ನೆರಡು ಜನ, ಐದು ಸಾವಿರ ರೂಪಾಯಿ: ಬ್ರೈಡ್ ಟು ಬಿ ಪಾರ್ಟಿಗೆ ಏನು ತಗೋಬೇಕು, ಏನು ಬಿಡಬೇಕು?

ಜಯನಗರದ_ಗೆಳತಿ ಕೇಳಿದ್ದು:

ಗೆಳತಿಯ ಮದುವೆ ಶ್ರಾವಣದಲ್ಲಿ. ಅದಕ್ಕೆ ಎರಡು ವಾರ ಮುಂಚೆ, ಒಂದು ಶನಿವಾರ ಸಂಜೆ ಬ್ರೈಡ್ ಟು ಬಿ ಪಾರ್ಟಿ ಇಟ್ಟುಕೊಂಡಿದ್ದೇವೆ. ಮದುಮಗಳೂ ಸೇರಿ ಹನ್ನೆರಡು ಹುಡುಗಿಯರು. ಜಾಗ ಬೆಂಗಳೂರಿನ ಜಯನಗರದ ಒಂದು ಬಾಡಿಗೆ ಫ್ಲ್ಯಾಟ್‌ನ ಹಾಲ್, 14 ಅಡಿಗೆ 11 ಅಡಿ. ಗೋಡೆಗೆ ಹೊಸದಾಗಿ ಪೇಂಟ್ ಹೊಡೆಸಿದ್ದಾರೆ. ಮೊಳೆ ಹೊಡೆಯುವಂತಿಲ್ಲ, ಬಣ್ಣ ಕಿತ್ತರೆ ಅಡ್ವಾನ್ಸ್‌ನಲ್ಲಿ ಕಟ್ ಆಗುತ್ತೆ. ಒಂದು ಗೋಡೆಯಲ್ಲಿ ಗ್ರಿಲ್ ಇರೋ ಕಿಟಕಿ, ಅದರ ಮೇಲೆ ಆರು ಅಡಿ ಉದ್ದದ ಕರ್ಟನ್ ರಾಡ್ ಇದೆ. ರಾಡ್ ನೆಲದಿಂದ ಏಳು ಅಡಿ ಎತ್ತರದಲ್ಲಿದೆ. ಹಾಲ್ ನಡುವೆ ಸೀಲಿಂಗ್ ಫ್ಯಾನ್.

ಅಲಂಕಾರ ಮತ್ತು ಆಕ್ಸೆಸರಿ ಎರಡಕ್ಕೂ ಸೇರಿ ಐದು ಸಾವಿರ. ಕೇಕ್, ಊಟದ ಲೆಕ್ಕ ಬೇರೆ. ಮದುಮಗಳು ಸೀರೆ ಉಡುತ್ತಾಳೆ, ಉಳಿದವರಲ್ಲಿ ಅರ್ಧ ಜನ ಸೀರೆ, ಅರ್ಧ ಜನ ಡ್ರೆಸ್.

ಆನ್‌ಲೈನ್‌ನಲ್ಲಿ ಆರೇಳು ನೂರಕ್ಕೆ ಸಿಗೋ ‘51 ಪೀಸ್ ಕಾಂಬೊ’ ತಗೊಂಡರೆ ಸಾಕಾ? ಹೀಲಿಯಂ ಬಲೂನು ಬೇಕಾ? ಎಲ್ಲರಿಗೂ ಸ್ಯಾಶ್ (ಭುಜದಿಂದ ಸೊಂಟಕ್ಕೆ ಹಾಕೋ ಪಟ್ಟಿ) ತರಬೇಕಾ? ‘ಬ್ರೈಡ್ ಟು ಬಿ’ ಬದಲು ಕನ್ನಡದಲ್ಲೇ ಏನಾದರೂ ಬರೆಸಬಹುದಾ? ಬಂದವರ ಕೈಗೆ ಏನಾದರೂ ಕೊಟ್ಟು ಕಳಿಸೋ ಆಸೆಯೂ ಇದೆ. ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

---

ಬಲೂನು_ಕಟ್ಟೋರು:

ಮೊದಲು ಒಂದು ನಿರ್ಧಾರ ಮಾಡಿ: ಅಲಂಕಾರ ಒಂದೇ ಗೋಡೆಗೆ. ನಾಲ್ಕೂ ಗೋಡೆಗೆ ಹಂಚಿದರೆ ಐದು ಸಾವಿರ ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ, ಯಾವ ಫೋಟೋದಲ್ಲೂ ತುಂಬಿದಂತೆ ಕಾಣಲ್ಲ. ನಿಮ್ಮ ಕಿಟಕಿ ಗೋಡೆಯೇ ಸರಿ. ರಾಡ್ ಮತ್ತು ಗ್ರಿಲ್ ಇರೋದರಿಂದ ಗೋಡೆ ಮುಟ್ಟೋ ಅಗತ್ಯವೇ ಇಲ್ಲ. ಹೊಸ ಪೇಂಟ್ ಮುಟ್ಟಿ ನೋಡಿದರೆ ಒಣಗಿದಂತೆ ಕಾಣುತ್ತೆ, ಆದರೆ ಪೂರ್ತಿ ಗಟ್ಟಿಯಾಗೋಕೆ ಮೂರ್ನಾಲ್ಕು ವಾರ ಬೇಕು. ಅಷ್ಟರೊಳಗೆ ಡಬಲ್ ಸೈಡ್ ಫೋಮ್ ಟೇಪ್ ಅಂಟಿಸಿದರೆ ಪದರವೇ ಎದ್ದು ಬರುತ್ತೆ. ಅನಿವಾರ್ಯವಾದ ಕಡೆ ಪೇಪರ್ ಮಾಸ್ಕಿಂಗ್ ಟೇಪ್ ಮಾತ್ರ ಬಳಸಿ, ಅದನ್ನೂ ಅದೇ ರಾತ್ರಿ ತೆಗೆಯಿರಿ.

ಕಾಂಬೊ ಬಗ್ಗೆ. 51 ಪೀಸ್ ಅಂದರೆ ಒಂದೊಂದು ಬಲೂನೂ ಒಂದು ಪೀಸ್. ‘ಬ್ರೈಡ್ ಟು ಬಿ’ ಇಂಗ್ಲಿಷ್ ಅಕ್ಷರಗಳೇ ಒಂಬತ್ತು, ಎರಡು ಫಾಯಿಲ್ ಪರದೆ, ಒಂದು ಸ್ಯಾಶ್, ಅಂಟು, ರಿಬ್ಬನ್ ಕಳೆದರೆ ಮೂವತ್ತು ಮೂವತ್ತೈದು ಬಲೂನು ಉಳಿಯುತ್ತೆ. ಅದರಲ್ಲಿ ಮೂರು ಅಡಿ ಮಾಲೆ ಆಗುತ್ತೆ, ಅಷ್ಟೇ. ಬಿಡಿಬಿಡಿಯಾಗಿ ತಗೊಳ್ಳಿ, ಬಣ್ಣವೂ ನಿಮ್ಮ ಇಷ್ಟದ್ದಾಗುತ್ತೆ.

ಹಿನ್ನೆಲೆಗೆ ಫಾಯಿಲ್ ಝಾಲರ್ ಪರದೆ ಬೇಡ ಅಂತ ನನ್ನ ಅಭಿಪ್ರಾಯ. ಮೊಬೈಲ್ ಫ್ಲ್ಯಾಶ್ ಬಿದ್ದ ಕಡೆಯೆಲ್ಲ ಬಿಳಿ ಹೊಳಪು ಬರುತ್ತೆ, ಫ್ಯಾನ್ ಹಾಕಿದ ಕೂಡಲೇ ಎಳೆ ಎಳೆ ಹಾರಿ ಸಿಕ್ಕಾಗುತ್ತೆ. ಅದರ ಬದಲು ಮನೆಯಲ್ಲೇ ಇರೋ ಎರಡು ಪ್ಲೇನ್ ಸೀರೆ ಸಾಕು. ಜಾರ್ಜೆಟ್ ಅಥವಾ ತೆಳು ಕಾಟನ್, ತಿಳಿ ಬಣ್ಣ. ಸೀರೆಯ ಅಗಲ ಸುಮಾರು 1.1 ಮೀಟರ್, ಅಂದರೆ ಮೂರೂವರೆ ಅಡಿ. ಎರಡನ್ನು ಪಕ್ಕಪಕ್ಕ ಹಾಕಿದರೆ ಆರು ಅಡಿ ರಾಡ್ ತುಂಬಿ, ಸ್ವಲ್ಪ ನೆರಿಗೆಗೂ ಉಳಿಯುತ್ತೆ. ಐದೂವರೆ ಮೀಟರ್ ಸೀರೆಯನ್ನು ಸರಿಯಾಗಿ ನಡುವಿಗೆ ರಾಡ್ ಮೇಲೆ ಹಾಕಿದರೆ ಮುಂದೆ ಹಿಂದೆ 2.75 ಮೀಟರ್ ಇಳಿಯುತ್ತೆ. ನಿಮ್ಮ ಎತ್ತರಕ್ಕೆ ಎರಡಡಿ ಹೆಚ್ಚು, ಅದನ್ನು ಕೆಳಗೆ ಒಳಮಡಿಸಿ. ರಾಡ್ ಹತ್ತಿರ ಬಟ್ಟೆ ಕ್ಲಿಪ್ ಹಾಕಿ, ಪಿನ್ ಬೇಡ.

ಎರಡು ಪದರದ ನಡುವೆ ಸೀರಿಯಲ್ ಲೈಟ್. 10 ಮೀಟರ್‌ನ ಒಂದು ಸರದಲ್ಲಿ ಏಳು ಅಡಿಯ ನಾಲ್ಕು ಇಳಿತ ಬರುತ್ತೆ, ಒಂದರಿಂದ ಒಂದಕ್ಕೆ ಒಂದೂವರೆ ಅಡಿ ಅಂತರ. ಹಾಗಾಗಿ ಒಂದೇ ಸಾಕು, ಆದರೆ ಎರಡು ತಂದಿಡಿ. ಅಗ್ಗದ ಸರದಲ್ಲಿ ಅರ್ಧ ಭಾಗ ಹೊತ್ತಿಕೊಳ್ಳದೇ ಇರೋದು ಸಾಮಾನ್ಯ. ವಾರ್ಮ್ ವೈಟ್ ಕೇಳಿ. ಮಿನುಗೋ ಮೋಡ್ ಬಿಟ್ಟು ಸ್ಥಿರವಾಗಿ ಉರಿಯೋ ಮೋಡ್‌ಗೆ ಇಡಿ, ಇಲ್ಲದಿದ್ದರೆ ವಿಡಿಯೋ ನೋಡೋಕಾಗಲ್ಲ. ಅಂಗಡಿಯಲ್ಲೇ ಪೂರ್ತಿ ಬಿಚ್ಚಿ ಹೊತ್ತಿಸಿ ನೋಡಿ.

ಈಗ ಬಲೂನು ಮಾಲೆ. ಕಿಟಕಿಯ ಒಂದು ಮೇಲ್ಮೂಲೆಯಿಂದ ಅಡ್ಡಕ್ಕೆ ನಾಲ್ಕು ಅಡಿ, ಕೆಳಕ್ಕೆ ಮೂರು ಅಡಿ ಇಳಿಯೋ ಹಾಗೆ ಮಾಡಿ. ಎರಡೂ ಕಡೆ ಸಮವಾಗಿ ಕಮಾನು ಮಾಡೋದಕ್ಕಿಂತ ಅರ್ಧ ಬಲೂನಲ್ಲಿ ಮುಗಿಯುತ್ತೆ, ನೋಡೋಕೂ ಚೆನ್ನ. ಅಡಿಗೆ ಹತ್ತು ಹನ್ನೆರಡು ಬಲೂನಿನ ಲೆಕ್ಕ. ಏಳು ಅಡಿಗೆ 10 ಇಂಚಿನವು 50, 5 ಇಂಚಿನವು 30, ಒಡೆಯೋದಕ್ಕೆ ಅಂತ ಇನ್ನೊಂದು ಹತ್ತು. ಬಣ್ಣ ಮೂರೇ ಇರಲಿ, ಅದರಲ್ಲಿ ಒಂದು ಬಣ್ಣ ಅರ್ಧದಷ್ಟಿರಲಿ. ಲೋಹದಂತೆ ಹೊಳೆಯೋ ಕ್ರೋಮ್ ಬಲೂನು ದುಬಾರಿ, ಹತ್ತು ತಂದು ಮುಂಭಾಗದಲ್ಲಷ್ಟೇ ಹಾಕಿ.

ಊದುವಾಗ ಎಲ್ಲರೂ ಮಾಡೋ ತಪ್ಪು, 10 ಇಂಚಿನ ಬಲೂನನ್ನು ಪೂರ್ತಿ 10 ಇಂಚಿಗೆ ಊದೋದು. ಆಗ ಕೆಳಗೆ ಚೂಪಾಗಿ ಪೇರಳೆ ಆಕಾರಕ್ಕೆ ಬರುತ್ತೆ, ರಬ್ಬರ್ ಬಿಗಿಯಾಗಿ ಸೆಕೆಗೇ ಒಡೆಯುತ್ತೆ. ಒಂದು ರಟ್ಟಿನ ಡಬ್ಬದಲ್ಲಿ 8 ಇಂಚಿನ ಮತ್ತು 6 ಇಂಚಿನ ಎರಡು ದುಂಡು ತೂತು ಕೊರೆಯಿರಿ. ಊದಿದ ಬಲೂನು ತೂತಿನಲ್ಲಿ ಸಲೀಸಾಗಿ ಹೋಗೋವರೆಗೆ ಗಾಳಿ ಬಿಡಿ. ದುಂಡಗೆ ನಿಲ್ಲುತ್ತೆ. ಎರಡು ಅಳತೆ ಬೆರೆಸಿದರೆ ಮಾಲೆಗೆ ಏರಿಳಿತ ಬರುತ್ತೆ. ಬಾಯಲ್ಲಿ ಊದಬೇಡಿ, ಎಪ್ಪತ್ತು ಎಂಬತ್ತು ರೂಪಾಯಿಗೆ ಕೈ ಪಂಪ್ ಸಿಗುತ್ತೆ.

ಎರಡು ಬಲೂನಿನ ಬಾಲ ಸೇರಿಸಿ ಗಂಟು ಹಾಕಿ ಜೋಡಿ ಮಾಡಿ. ಎರಡು ಜೋಡಿಯನ್ನು ಅಡ್ಡ ಇಟ್ಟು ನಡುವೆ ಒಮ್ಮೆ ತಿರುಚಿದರೆ ನಾಲ್ಕರ ಗೊಂಚಲು. ಮೀನಿನ ಗಾಳದ ನೈಲಾನ್ ದಾರದ ಒಂದು ತುದಿ ಗ್ರಿಲ್‌ಗೆ ಕಟ್ಟಿ, ಒಂದೊಂದು ಗೊಂಚಲಿನ ನಡುವೆ ದಾರ ಒಂದು ಸುತ್ತು ಸುತ್ತಿಸಿ ಒತ್ತಾಗಿ ತಳ್ಳುತ್ತಾ ಹೋಗಿ. ಸಡಿಲವಾಗಿದ್ದರೆ ದಾರ ಕಾಣುತ್ತೆ. ಕೊನೆಗೆ 5 ಇಂಚಿನವುಗಳನ್ನು ಗ್ಲೂ ಡಾಟ್‌ನಿಂದ (ಎರಡೂ ಕಡೆ ಅಂಟೋ ಸಣ್ಣ ಚುಕ್ಕಿ) ಸಂದಿಗಳಲ್ಲಿ ಅಂಟಿಸಿ. ಬಿಸಿ ಅಂಟಿನ ಗನ್ ಹತ್ತಿರಕ್ಕೂ ತರಬೇಡಿ, ರಬ್ಬರ್ ಕರಗಿ ಒಡೆಯುತ್ತೆ.

ಹೀಲಿಯಂ ಬೇಡವೇ ಬೇಡ. 16 ಇಂಚಿನ ಫಾಯಿಲ್ ಅಕ್ಷರಗಳು ಹೀಲಿಯಂ ತುಂಬಿದರೂ ಏಳಲ್ಲ, ಅದರೊಳಗೆ ಹಿಡಿಸೋ ಅನಿಲಕ್ಕೆ ಹಾಳೆಯ ತೂಕ ಎತ್ತೋ ಶಕ್ತಿ ಇಲ್ಲ. ಇನ್ನು ಬೀದಿಯಲ್ಲಿ ‘ಗ್ಯಾಸ್ ಬಲೂನು’ ಅಂತ ಮಾರೋದರಲ್ಲಿ ಬಹಳ ಸಲ ಇರೋದು ಹೈಡ್ರೋಜನ್. ಕೇಕಿನ ಕ್ಯಾಂಡಲ್ ಹತ್ತಿರ ಬಂದರೆ ಬೆಂಕಿ ಬುಗ್ಗೆಂದು ಹತ್ತಿ ಮುಖ, ಕೈ ಸುಡುತ್ತೆ. ಹನ್ನೆರಡು ಜನ ಒಂದೇ ಮೇಜಿನ ಸುತ್ತ ನಿಲ್ಲೋ ಕಡೆ ಆ ಅಪಾಯ ತರಬೇಡಿ. ಸ್ನೋ ಸ್ಪ್ರೇಗೂ ಇದೇ ಮಾತು, ಅದನ್ನು ಡಬ್ಬಿಯಿಂದ ತಳ್ಳೋದು ಹೊತ್ತಿಕೊಳ್ಳೋ ಅನಿಲವೇ. ಉಳಿದ ಬಲೂನುಗಳನ್ನು ನೆಲದ ಮೇಲೆ ಬಿಡಿ, ಕಾಲ ಬುಡದಲ್ಲಿ ಕೆಲವು ಇದ್ದರೆ ಚೌಕಟ್ಟು ತಾನೇ ತುಂಬುತ್ತೆ.

---

ಸೂಜಿ_ದಾರ:

ಮೈಮೇಲೆ ಹಾಕೋ ವಸ್ತುಗಳ ಬಗ್ಗೆ ನಾನು ಹೇಳ್ತೀನಿ.

ಎಲ್ಲರಿಗೂ ‘ಟೀಮ್ ಬ್ರೈಡ್’ ಸ್ಯಾಶ್ ತರಬೇಡಿ. 80 ರೂಪಾಯಿ ಅಂದರೂ ಹನ್ನೊಂದಕ್ಕೆ 880. ಮಾರನೇ ದಿನ ಯಾರಿಗೂ ಬೇಡ. ಮದುಮಗಳಿಗೆ ಒಂದೇ ಒಂದು, ಆದರೆ ಒಳ್ಳೇದು. ನಾಲ್ಕು ಇಂಚು ಅಗಲದ ಸ್ಯಾಟಿನ್, ಭುಜದಿಂದ ಸೊಂಟಕ್ಕೆ ಒಂದೊಂದು ಬದಿ 75ರಿಂದ 80 ಸೆಂಟಿಮೀಟರ್ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಎದೆ ಮೇಲೇ ನಿಲ್ಲುತ್ತೆ. ಅಕ್ಷರದ ಮೇಲೆ ಹೆಬ್ಬೆರಳಿಂದ ಜೋರಾಗಿ ಉಜ್ಜಿ ನೋಡಿ. ಕೈಗೆ ಮಿಂಚು ಅಂಟಿದರೆ ಬಿಟ್ಟುಬಿಡಿ. ಆ ಗ್ಲಿಟರ್ ರೇಷ್ಮೆ ಸೀರೆಯ ನೇಯ್ಗೆಯೊಳಗೆ ಕೂತರೆ ಡ್ರೈ ಕ್ಲೀನಿಂಗ್‌ಗೂ ಪೂರ್ತಿ ಬರಲ್ಲ. ಬಿಸಿ ಒತ್ತಿ ಕೂರಿಸಿದ ಫಾಯಿಲ್ ಅಕ್ಷರದ್ದು ಹುಡುಕಿ.

ಸೀರೆ ಮೇಲೆ ಸ್ಯಾಶ್ ಹಾಕೋ ಕ್ರಮ ಬೇರೆ. ಸೆರಗು ಎಡ ಭುಜದ ಮೇಲಿರುತ್ತೆ, ಸ್ಯಾಶೂ ಅದೇ ಭುಜಕ್ಕೆ ಹಾಕಿದರೆ ಅಂಚು, ಜರಿ ಎಲ್ಲ ಮುಚ್ಚಿ ಒಂದೇ ಕಡೆ ಗುಡ್ಡೆ ಆಗುತ್ತೆ. ಬಲ ಭುಜದಿಂದ ಎಡ ಸೊಂಟಕ್ಕೆ ಬರಲಿ. ಸ್ಯಾಟಿನ್ ಜಾರೋ ಬಟ್ಟೆ, ಭುಜದ ಮೇಲೆ ನಿಲ್ಲಬೇಕಾದರೆ ಸಣ್ಣ ಸೇಫ್ಟಿ ಪಿನ್ ಬೇಕು. ಅದನ್ನು ರವಿಕೆಯ ಭುಜದ ಹೊಲಿಗೆ ಸಾಲಿಗೆ ಒಳಗಿನಿಂದ ಚುಚ್ಚಿ, ಸೀರೆಗೆ ಚುಚ್ಚಬೇಡಿ. ಹೊಲಿಗೆ ಇರೋ ಕಡೆ ಬಟ್ಟೆ ಎರಡು ಮೂರು ಪದರ ಇರೋದರಿಂದ ತೂತು ಹಿಗ್ಗಲ್ಲ.

ತಲೆಗೆ ಕ್ರೌನ್ ಅಥವಾ ವೇಲ್ (ತಲೆ ಹಿಂದೆ ಇಳಿಯೋ ತೆಳು ನೆಟ್), ಎರಡರಲ್ಲಿ ಒಂದು. ಮಲ್ಲಿಗೆ ದಂಡೆ ಮುಡಿಸೋದಾದರೆ ಕ್ರೌನ್ ಬೇಡ, ಒಂದನ್ನೊಂದು ತಳ್ಳಾಡುತ್ತವೆ. ಹೇರ್‌ಬ್ಯಾಂಡ್ ರೀತಿಯ ಲೋಹದ ಕ್ರೌನ್ ಒಂದು ಗಂಟೆಯಲ್ಲಿ ಕಿವಿ ಹಿಂದೆ ಒತ್ತಿ ತಲೆನೋವು ತರುತ್ತೆ. ಕೆಳಗೆ ಬಾಚಣಿಗೆ ಹಲ್ಲು, ಎರಡು ತುದಿಗೆ ಬಳೆ ಆಕಾರದ ಸಣ್ಣ ಕೊಂಡಿ ಇರೋದು ಆರಿಸಿ. ಆ ಕೊಂಡಿಯೊಳಗೆ ಎರಡು ಬಾಬಿ ಪಿನ್ ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ ಹಾಕಿದರೆ ಎಣ್ಣೆ ಕೂದಲಲ್ಲೂ ಜಾರಲ್ಲ.

ವೇಲ್ ಅಂಗಡಿಯಲ್ಲಿ ತುಟ್ಟಿ, ಮನೆಯಲ್ಲಿ ನೂರರೊಳಗೆ ಆಗುತ್ತೆ. ಸಾಫ್ಟ್ ನೆಟ್ ಒಂದು ಮೀಟರ್ ತಗೊಳ್ಳಿ. ಲಂಗದೊಳಗೆ ಹಾಕೋ ಕ್ಯಾನ್‌ಕ್ಯಾನ್ ನೆಟ್ ಕೊಟ್ಟುಬಿಡ್ತಾರೆ, ಅದು ಗಡುಸು, ಕುತ್ತಿಗೆ ಕೆರೆಯುತ್ತೆ. ಒಂದು ಮೀಟರ್ ಉದ್ದವನ್ನು 40 ಸೆಂಟಿಮೀಟರ್, 60 ಸೆಂಟಿಮೀಟರ್ ಆಗೋ ಹಾಗೆ ಮಡಿಸಿ, ಮಡಿಕೆಯಿಂದ ಅರ್ಧ ಇಂಚು ಬಿಟ್ಟು ಜೋಡಿ ದಾರದಲ್ಲಿ ಉದ್ದನೆಯ ಓಡು ಹೊಲಿಗೆ ಹಾಕಿ. ದಾರ ಎಳೆದು ನೆರಿಗೆಯನ್ನು ನಾಲ್ಕು ಇಂಚಿಗೆ ಕೂಡಿಸಿ, ನಾಲ್ಕು ಇಂಚಿನ ಪ್ಲಾಸ್ಟಿಕ್ ಬಾಚಣಿಗೆಯ ಬೆನ್ನಿಗೆ ಹಲ್ಲು ಹಲ್ಲಿನ ನಡುವೆ ದಾರ ಸುತ್ತಿ ಬಿಗಿಯಿರಿ. ನೆಟ್ ಅಂಚು ಹಿಂಜಲ್ಲ, ಹಾಗಾಗಿ ಅಂಚು ಹೊಲಿಯೋ ಕೆಲಸ ಇಲ್ಲ. ಕೇಕ್ ಕತ್ತರಿಸೋ ಮುಂಚೆ ಅದನ್ನು ತೆಗೆದಿಡಿ. ನೆಟ್‌ಗೆ ಬೆಂಕಿ ತಾಕಿದರೆ ಕರಗಿ ಚರ್ಮಕ್ಕೆ ಅಂಟುತ್ತೆ.

ಉಳಿದ ಹನ್ನೊಂದು ಜನಕ್ಕೆ ಬ್ಯಾಡ್ಜ್ ಸಾಕು. 58 ಮಿಲಿಮೀಟರ್‌ನ ದೊಡ್ಡ ಬ್ಯಾಡ್ಜ್ ಜಾರ್ಜೆಟ್, ಶಿಫಾನ್ ಮೇಲೆ ಹಾಕಿದರೆ ಬಟ್ಟೆ ಜೋತು ಮುಂದಕ್ಕೆ ಬಾಗುತ್ತೆ, 44ರದ್ದು ತಗೊಳ್ಳಿ. ತೆಳು ಬಟ್ಟೆಯವರು ಒಳಗಡೆ ಸಣ್ಣ ಫೆಲ್ಟ್ ತುಂಡು ಇಟ್ಟು ಪಿನ್ ಹಾಕಲಿ. ತಮಾಷೆ ಕನ್ನಡಕಗಳಿಗೆ ದುಡ್ಡು ಹಾಕಬೇಡಿ, ಚಷ್ಮಾ ಹಾಕೋರಿಗೆ ಅದು ನಿಷ್ಪ್ರಯೋಜಕ, ಹನ್ನೆರಡು ಜನರಲ್ಲಿ ಅಂಥವರು ಕಡಿಮೆ ಇರಲ್ಲ.

---

ಧಾರವಾಡದ_ಬಳಿ:

ಕೈಗೆ ಕೊಡೂದು ಅಂದ್ರ ಬಳಿ ಕೊಡ್ರಿ. ಮದವಿ ಮುಂದ ಮದುಮಗಳಿಗೆ ಬಳಿ ಇಡಸೂದು ನಮ್ಮ ಪದ್ಧತೀನ ಅದ, ಹೊಸದೇನಲ್ಲ. ಬಳಿಶಾಸ್ತ್ರಕ್ಕ ಹಸರ ಗಾಜಿನ ಬಳಿ ಬೇರೆ ಇಡಸ್ತಾರ, ಅದನ್ನ ಮನಿಯವರಿಗೆ ಬಿಡ್ರಿ. ನೀವು ಪಾರ್ಟಿ ಬಣ್ಣಕ್ಕ ಹೊಂದೂವಂಥಾ ಪ್ಲೇನ್ ಗಾಜಿನ ಬಳಿ ಒಬ್ಬೊಬ್ಬರಿಗೆ ಒಂದೊಂದು ಡಜನ್ ತಗೋರಿ. ಡಜನ್ನಿಗೆ ಐವತ್ತು ಅರವತ್ತು ರೂಪಾಯಿಗೆ ಚೊಲೊ ಬಳಿ ಸಿಗ್ತಾವ. ಚಿಕ್ಕಪೇಟಿ ಕಡೆ ಹೋದ್ರ ಇನ್ನೂ ಕಮ್ಮಿ.

ಇಲ್ಲಿ ಕೆಡೂದು ಸೈಜಿನಾಗ. 2.4 ಅಂದ್ರ ಎರಡು ಇಂಚು ಮ್ಯಾಲ ಹದಿನಾರರಾಗ ನಾಕು ಭಾಗ. ದಶಾಂಶ ಅಂತ ತಿಳ್ಕೊಂಡು ಎರಡು ಪಾಯಿಂಟ್ ನಾಕು ಇಂಚು ಅಳದ್ರ ತಪ್ಪಾಗ್ತದ. ಒಳಗಿನ ಅಡ್ಡಳತಿ 2.4ಕ್ಕ 57 ಮಿಲಿಮೀಟರ್, 2.6ಕ್ಕ 60, 2.8ಕ್ಕ 63 ಮ್ಯಾಲ ಅರ್ಧ. ಎಲ್ಲಾರಿಗೂ ಗ್ರೂಪಿನಾಗ ಒಂದು ಮೆಸೇಜ್ ಹಾಕ್ರಿ: ದಿನಾ ಹಾಕ್ಕೊಳ್ಳೂ ಬಳಿ ಸ್ಕೇಲ್ ಮ್ಯಾಲ ಇಟ್ಟು ಒಳಗಿಂದ ಒಳಗ ಅಳದು ಹೇಳ್ರಿ ಅಂತ. ಆದ್ರ ಅದು ಚಿನ್ನದ ಬಳಿ ಇದ್ರ ಒಂದು ಮಾತು ನೆನಪಿರಲಿ. ಗಾಜಿನ ಬಳಿ ಬಾಗೂದಿಲ್ಲ, ಕೈ ದಪ್ಪ ಇದ್ದವರಿಗೆ ಒಂದು ಸೈಜ್ ದೊಡ್ಡದು ಬೇಕಾಗ್ತದ. ಯಾರೂ ಉತ್ತರ ಕೊಡಲಿಲ್ಲ ಅಂದ್ರ 2.6 ಜಾಸ್ತಿ ತಗೋರಿ, ಹನ್ನೊಂದರಾಗ 2.4 ಮೂರು, 2.6 ಐದು, 2.8 ಮೂರು. ಉಳಿದದ್ದು ಬದಲಿ ಮಾಡಿ ಕೊಡ್ತೀರೇನು ಅಂತ ಅಂಗಡ್ಯಾಗ ಮೊದಲಾ ಕೇಳ್ರಿ.

ಹಾಕೂ ಮುಂದ ಕೈಗೆ ಸೋಪಿನ ನೀರು ಹಚ್ರಿ, ಇಲ್ಲಾಂದ್ರ ತೆಳು ಪ್ಲಾಸ್ಟಿಕ್ ಚೀಲ ಕೈಗೆ ಹಾಕ್ಕೊಂಡು ಅದರ ಮ್ಯಾಲ ಬಳಿ ಜಾರಸ್ರಿ, ಆಮ್ಯಾಲ ಚೀಲ ಎಳೀರಿ. ಹಾಕೂದು ಒಂದು ಮೂಲ್ಯಾಗ, ಕೆಳಗ ಹಾಸಿಗಿ ಬಟ್ಟಿ ಹಾಸ್ಕೊಂಡು. ಒಡದ ಚೂರು ನೆಲದ ಮ್ಯಾಲಿನ ಬಲೂನಿಗೂ ಬರಿಗಾಲಿಗೂ ಬ್ಯಾಡ.

---

ಸುಲ್ತಾನ್‌ಪೇಟೆ_ಪ್ರಿಂಟ್:

ಕನ್ನಡದಲ್ಲಿ ಬರೆಸಬಹುದಾ ಅಂತ ಕೇಳಿದ್ದೀರಿ, ಖಂಡಿತ ಬರೆಸಿ. ಫಾಯಿಲ್ ಬಲೂನಿನಲ್ಲಿ ಕನ್ನಡ ಅಕ್ಷರ ಪೇಟೆಯಲ್ಲಿ ಸುಲಭವಾಗಿ ಸಿಗಲ್ಲ, ಹಾಗಾಗಿ ಕಾರ್ಡ್ ತೋರಣವೇ ದಾರಿ. ‘ಮದುಮಗಳು’ ಅನ್ನೋದು ಐದು ಅಕ್ಷರ, ಐದು ಎ4 ಹಾಳೆ, 300 ಜಿಎಸ್‌ಎಂನ ದಪ್ಪ ಬೋರ್ಡ್. ಹಾಳೆ 21 ಸೆಂಟಿಮೀಟರ್ ಅಗಲ, ನಡುವೆ 3 ಸೆಂಟಿಮೀಟರ್ ಬಿಟ್ಟರೆ ಒಟ್ಟು 117, ನಾಲ್ಕು ಅಡಿಗಿಂತ ತುಸು ಕಡಿಮೆ. ನಿಮ್ಮ ರಾಡ್‌ನ ನಡುವೆ ಸರಿಯಾಗಿ ಕೂರುತ್ತೆ. ಈ ಪದದಲ್ಲಿ ಒತ್ತಕ್ಷರ ಇಲ್ಲದಿರೋದು ಅನುಕೂಲ. ‘ನಮ್ಮ ಹುಡುಗಿ’ ಥರದ್ದು ಆರಿಸಿದರೆ ಮಕಾರದ ಒತ್ತು ಕೆಳಗೆ ಇಳಿಯುತ್ತೆ, ಆಗ ಎಲ್ಲ ಕಾರ್ಡ್‌ನಲ್ಲೂ ಅಕ್ಷರವನ್ನು ಮೇಲಕ್ಕೆ ಸರಿಸಿ ಗಾತ್ರ ಕಾಲು ಭಾಗ ಇಳಿಸಬೇಕು. ಇಲ್ಲದಿದ್ದರೆ ಒಂದು ಕಾರ್ಡ್‌ನ ಅಕ್ಷರ ಮಾತ್ರ ಚಿಕ್ಕದಾಗಿ ಸಾಲು ಕೆಡುತ್ತೆ.

ಅಂಗಡಿಗೆ ವರ್ಡ್ ಫೈಲ್ ಅಥವಾ ವಾಟ್ಸಾಪ್ ಮೆಸೇಜ್‌ನಲ್ಲಿ ಪದ ಕಳಿಸಬೇಡಿ. ಹಳೆಯ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಯೂನಿಕೋಡ್ ಅಲ್ಲದ ನುಡಿ ಫಾಂಟ್ ಬಳಕೆಯಲ್ಲಿದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಹಳೆಯ ಕೋರೆಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಹೋಗುತ್ತೆ. ನೀವೇ ಕ್ಯಾನ್ವಾದಲ್ಲಿ ದಪ್ಪ ಕನ್ನಡ ಫಾಂಟ್‌ನಲ್ಲಿ ಮಾಡಿ ಪಿಡಿಎಫ್ ಮಾಡಿಕೊಂಡು ಹೋಗಿ, ಒಂದು ಹಾಳೆ ಪ್ರಿಂಟ್ ತೆಗೆಸಿ ನೋಡಿ ಆಮೇಲೆ ಉಳಿದದ್ದು. ರೋಸ್ ಗೋಲ್ಡ್ ಬಣ್ಣ ಸಾದಾ ಪ್ರಿಂಟ್‌ನಲ್ಲಿ ಬರಲ್ಲ, ಪರದೆಯಲ್ಲಿ ಹೊಳೆದದ್ದು ಕಾಗದದ ಮೇಲೆ ಮಾಸಿದ ಕಂದು ಆಗುತ್ತೆ. ಕಡು ಮೆರೂನ್, ಕಡು ಹಸಿರು, ಗಾಢ ಗುಲಾಬಿಯಂಥ ಬಣ್ಣ ಆರಿಸಿ.

ಪ್ರತಿ ಕಾರ್ಡಿಗೆ ಎರಡು ತೂತು, ಮೇಲಂಚಿನಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ, ಎರಡು ಮೂಲೆಯಲ್ಲಿ. ಒಂದೇ ತೂತು ಮಾಡಿದರೆ ಫ್ಯಾನ್ ಗಾಳಿಗೆ ತಿರುಗಿ ಬೆನ್ನು ತೋರಿಸುತ್ತೆ. ರಿಬ್ಬನ್ ಕಾರ್ಡಿನ ಹಿಂದಿನಿಂದ ಹಾಯಲಿ.

ಬ್ಯಾಡ್ಜ್ ಮೇಲೆ ‘ಹುಡುಗಿ ಕಡೆಯವರು’ ಅಂತ ಹಾಕಿಸಿ, ನಮ್ಮ ಮದುವೆಮನೆಗೆ ಅದಕ್ಕಿಂತ ಹೊಂದುವ ಮಾತಿಲ್ಲ. 44 ಮಿಲಿಮೀಟರ್ ಬ್ಯಾಡ್ಜ್ ಹತ್ತಕ್ಕಿಂತ ಹೆಚ್ಚು ಮಾಡಿಸಿದರೆ ಒಂದಕ್ಕೆ ಮೂವತ್ತರಿಂದ ನಲವತ್ತಕ್ಕೆ ಮಾಡಿಕೊಡುತ್ತಾರೆ. ಅಕ್ಷರಗಳನ್ನು ಅಂಚಿನಿಂದ 5 ಮಿಲಿಮೀಟರ್ ಒಳಗಿಡಿ, ಅಂಚಿನ ಕಾಗದ ಹಿಂದಕ್ಕೆ ಮಡಿಸಿಹೋಗುತ್ತೆ.

ಫೋಟೋ ಪ್ರಾಪ್ (ಫೋಟೋಗೆ ಕೈಯಲ್ಲಿ ಹಿಡಿಯೋ ಕಾರ್ಡ್) ಆರು ಸಾಕು, ಒಂದು ಎ3 ಬೋರ್ಡ್‌ನಲ್ಲಿ ಆಗುತ್ತೆ. ‘ಊಟ ಆಯ್ತಾ?’, ‘ಸೀರೆ ಸೆಟ್ ಆಯ್ತಾ?’ ಅಂಥ ಮಾತು ಹಾಕಿ. ಹಿಂದೆ ಬಿದಿರಿನ ಕಡ್ಡಿ ಅಂಟಿಸುವಾಗ ಚೂಪು ತುದಿ ಕತ್ತರಿಸಿ, ಕಡ್ಡಿ ಅರ್ಧ ಕಾರ್ಡ್‌ವರೆಗೆ ಮೇಲೆ ಬರಬೇಕು, ಇಲ್ಲದಿದ್ದರೆ ಕಾರ್ಡ್ ಹಿಂದಕ್ಕೆ ಬಾಗುತ್ತೆ. ಎರಡು ಅಡಿ ಮೂರು ಅಡಿಯ ಸೆಲ್ಫಿ ಫ್ರೇಮ್ ನಿಮ್ಮ ಬಜೆಟ್‌ಗೆ ಬೇಡ. ಮಾಡಿಸಿದರೂ 3 ಮಿಲಿಮೀಟರ್ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಬಾಗುತ್ತೆ, 5 ಬೇಕು.

ಥರ್ಮೋಕೋಲ್ ಅಕ್ಷರ ಕೇಳಬೇಡಿ. 2022ರ ಜುಲೈ 1ರಿಂದ ದೇಶಾದ್ಯಂತ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಎಲ್ಲವೂ ನಿಷೇಧ. ಕೆಲವು ಅಂಗಡಿ ಇನ್ನೂ ಮಾರುತ್ತವೆ, ನೀವು ಕೊಳ್ಳಬೇಡಿ. ಅಡಿಕೆ ಹಾಳೆಯ 10 ಇಂಚಿನ ತಟ್ಟೆ ಇಪ್ಪತ್ತೈದು ತಂದರೆ ಊಟಕ್ಕೂ ಆಯಿತು, ಮೇಜೂ ಚಂದ ಕಾಣುತ್ತೆ.

ಚಿಕ್ಕಪೇಟೆ, ಮಾಮೂಲ್‌ಪೇಟೆ ಸುತ್ತೋಕೆ ವಾರದ ನಡುವೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬನ್ನಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣ ಇಳಿದರೆ ನಡೆಯುವ ದೂರ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

---

ಲೀಡ್ಸ್_ಕನ್ನಡತಿ:

ಇಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ಹೆನ್ ಪಾರ್ಟಿ ಅಂತಾರೆ. ಸ್ಯಾಶ್, ವೇಲ್ ಜೊತೆ ಮದುಮಗಳ ಬೆನ್ನಿಗೆ ಕೆಂಪು ಎಲ್ ಬೋರ್ಡ್ ಅಂಟಿಸೋದು ಹಳೇ ರೂಢಿ, ಡ್ರೈವಿಂಗ್ ಕಲಿಯೋರ ಗಾಡಿ ಮೇಲಿರೋ ಅದೇ ಎಲ್. ನಿಮಗೆ ಬೇಕಾದರೆ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತೆ. ಸ್ಟಿಕರ್ ಬದಲು ಮ್ಯಾಗ್ನೆಟ್ ಇಲ್ಲದ ಪ್ಲಾಸ್ಟಿಕ್ ಹಾಳೆಯದು ತಂದು ರಿಬ್ಬನ್ ಕಟ್ಟಿ ಕುತ್ತಿಗೆಗೆ ಹಾಕಿ, ಸೀರೆಗೆ ಅಂಟು ತಾಗಬಾರದು.

ಹೀಲಿಯಂ ಬಗ್ಗೆ ಮೇಲೆ ಹೇಳಿದ್ದು ಪೂರ್ತಿ ಸರಿ. ಇಲ್ಲಿ ‘30 ಬಲೂನು’ ಅಂತ ಮಾರೋ ಬಿಸಾಡೋ ಸಿಲಿಂಡರ್ ಲೆಕ್ಕ 9 ಇಂಚಿನ ಬಲೂನಿನದ್ದು. ಅವೂ ಐದಾರು ಗಂಟೆಗೆ ಇಳಿಯುತ್ತವೆ. 12 ಇಂಚಿನವು ತಂದಿಟ್ಟುಕೊಂಡರೆ ಅದರ ಅರ್ಧಕ್ಕೇ ಅನಿಲ ಮುಗಿಯುತ್ತೆ. ನಿಮ್ಮಲ್ಲಿ ಯಾರಾದರೂ ಇದೇ ಪಾರ್ಟಿಯನ್ನು ಗೋವಾದಲ್ಲಿ ಮಾಡೋ ಯೋಚನೆಯಲ್ಲಿದ್ದರೆ ನೆನಪಿಡಿ: ವಿಮಾನದಲ್ಲಿ ಪಾರ್ಟಿ ಪಾಪರ್, ಸ್ಪಾರ್ಕ್ಲರ್, ಸ್ನೋ ಸ್ಪ್ರೇ, ಅನಿಲದ ಸಿಲಿಂಡರ್ ಯಾವ ಬ್ಯಾಗಿನಲ್ಲೂ ಬಿಡಲ್ಲ. ಕತ್ತರಿ ಚೆಕ್ ಇನ್ ಬ್ಯಾಗಿಗೆ ಹಾಕಿ.

---

ಜಯನಗರದ_ಗೆಳತಿ:

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಸೀರೆ ಪರದೆ, ಕನ್ನಡ ಕಾರ್ಡ್, ಹುಡುಗಿ ಕಡೆಯವರು ಬ್ಯಾಡ್ಜ್ ಖಾಯಂ. ಫಾಯಿಲ್ ಅಕ್ಷರ ಬಿಟ್ಟೆವು. ಇನ್ನು ಎರಡೇ ಅನುಮಾನ. ಹೂವು ಎಷ್ಟು ತರಬೇಕು? ಯಾವ ಕೆಲಸ ಯಾವಾಗ ಶುರು ಮಾಡಬೇಕು?

---

ಹೂವಿನ_ಲೆಕ್ಕ:

ಶ್ರಾವಣದ ಮದುವೆಗೆ ಎರಡು ವಾರ ಮುಂಚೆ ಅಂದರೆ ಬಹುಶಃ ಆಷಾಢ. ಮದುವೆಗಳಿಲ್ಲದ ತಿಂಗಳು, ಹೂವಿನ ಬೆಲೆ ಇಳಿದಿರುತ್ತೆ. ಆದರೆ ಆಷಾಢ ಶುಕ್ರವಾರ ದೇವಿ ಪೂಜೆಗೆ ಬೇಡಿಕೆ ಇರೋದರಿಂದ ಗುರುವಾರ, ಶುಕ್ರವಾರ ಏರುತ್ತೆ. ನಿಮ್ಮದು ಶನಿವಾರ, ಅದೇ ದಿನ ಬೆಳಗ್ಗೆ ತನ್ನಿ. ಪಾರ್ಟಿ ಏನಾದರೂ ವರಮಹಾಲಕ್ಷ್ಮಿ ಹಬ್ಬದ ವಾರಕ್ಕೆ ಜರುಗಿದರೆ ಹೂವಿನ ಖರ್ಚು ದುಪ್ಪಟ್ಟಿಗೂ ಮೀರಿ ಹೋಗುತ್ತೆ, ಆಗ ಹೂವು ಕಡಿಮೆ ಮಾಡಿ.

ಮಲ್ಲಿಗೆ ಒಬ್ಬೊಬ್ಬರಿಗೆ ಒಂದು ಮೊಳ, ಮದುಮಗಳಿಗೆ ಒಂದು ಮಾರು. ಮಾರಿನ ಲೆಕ್ಕದಲ್ಲಿ ಕೊಂಡು ಮನೆಯಲ್ಲಿ ಕತ್ತರಿಸಿಕೊಳ್ಳಿ. ಮೊಳದ ಲೆಕ್ಕದಲ್ಲಿ ಕೊಂಡರೆ ಹೂವಾಡಗಿತ್ತಿಯ ಕೈ ಉದ್ದದ ಮೇಲೆ ಹೆಚ್ಚು ಕಡಿಮೆ ಆಗುತ್ತೆ. ಕತ್ತರಿಸಿದ ತುದಿಗೆ ಗಂಟು ಹಾಕೋದು ಮರೆಯಬೇಡಿ, ಇಲ್ಲದಿದ್ದರೆ ಕಟ್ಟು ಬಿಚ್ಚಿ ಉದುರುತ್ತೆ. ಬೆಳಗ್ಗೆ ಬಿರಿಯದ ಮೊಗ್ಗೇ ತನ್ನಿ, ಒದ್ದೆ ಬಟ್ಟೆ ಅಥವಾ ಬಾಳೆ ಎಲೆಯಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ನಾಲ್ಕು ಗಂಟೆಗೆ ಹೊರಗೆ ತೆಗೆದರೆ ಆರರ ಹೊತ್ತಿಗೆ ಅರಳಿ ಘಮ್ಮೆನ್ನುತ್ತೆ. ಮಲ್ಲಿಗೆ ತುಟ್ಟಿ ಅನ್ನಿಸಿದರೆ ಅರ್ಧ ಕನಕಾಂಬರ ಬೆರೆಸಿ. ಘಮ ಇಲ್ಲ, ಆದರೆ ರಾತ್ರಿವರೆಗೂ ಬಾಡಲ್ಲ.

ಕಿಟಕಿ ಗೋಡೆಗೆ ಚೆಂಡು ಹೂವು ಬೇಡ. ಒದ್ದೆ ಚೆಂಡು ಹೂವು ತಾಗಿದ ಕಡೆ ಹಳದಿ ಕಲೆ, ತಿಳಿ ಬಣ್ಣದ ಸೀರೆಗೂ ಹೊಸ ಪೇಂಟಿಗೂ ಅದು ಆಗಲ್ಲ. ಅರ್ಧ ಕೆಜಿ ಬಿಡಿ ಸೇವಂತಿಗೆ ತಂದು ಕೇಕ್ ಮೇಜಿನ ಮೇಲೆ ಒಂದು ಅಗಲ ಹಿತ್ತಾಳೆ ಪಾತ್ರೆಯ ನೀರಲ್ಲಿ ತೇಲಿಬಿಡಿ, ಅಷ್ಟು ಸಾಕು.

ಕೆಲಸದ ಕ್ರಮ. ಹತ್ತು ದಿನ ಮುಂಚೆ ಬಳೆ ಸೈಜ್ ಕೇಳಿ, ಬ್ಯಾಡ್ಜ್ ಆರ್ಡರ್ ಕೊಡಿ. ಒಂದು ವಾರ ಮುಂಚೆ ಪೇಟೆ ಸುತ್ತಾಟ, ಪ್ರಿಂಟ್. ಶುಕ್ರವಾರ ರಾತ್ರಿ ಸೀರೆ ಪರದೆ, ಲೈಟ್, ಕಾರ್ಡ್ ತೋರಣ ಮುಗಿಸಿ, ಕ್ಯಾಮೆರಾದಲ್ಲಿ ಒಮ್ಮೆ ನೋಡಿ. ಬಲೂನನ್ನು ಶುಕ್ರವಾರ ರಾತ್ರಿ ಊದಿದರೂ ಕೆಡಲ್ಲ, ಸಾದಾ ಗಾಳಿ ತುಂಬಿದ್ದು ಮನೆಯೊಳಗೆ ಎರಡು ದಿನ ನಿಲ್ಲುತ್ತೆ. ಆದರೆ ಕಿಟಕಿಯಿಂದ ಬಿಸಿಲು ಬೀಳೋ ಹಾಗಿದ್ದರೆ ಮಾಲೆಯನ್ನು ಶನಿವಾರ ಮಧ್ಯಾಹ್ನ ಕಟ್ಟಿ. ಬಿಸಿಲಿಗೆ ಹೊಳಪು ಹೋಗಿ ಬೂದಿ ಬಳಿದಂತಾಗುತ್ತೆ. ಇಬ್ಬರು ಊದಿ, ಇಬ್ಬರು ಕಟ್ಟಿದರೆ ಒಂದೂವರೆ ಗಂಟೆ. ಊದೋರು ಮತ್ತು ಕಟ್ಟೋರು ಬೇರೆ ಬೇರೆ ಇರಲಿ, ಒಬ್ಬರೇ ಎರಡೂ ಮಾಡಿದರೆ ಎರಡೂ ನಿಧಾನ.

ದುಡ್ಡು ಹೀಗೆ ಹಂಚಿ. ಬಲೂನು 300, ನೈಲಾನ್ ದಾರ ಮತ್ತು ಗ್ಲೂ ಡಾಟ್ 80, ಪಂಪ್ 80, ಎರಡು ಲೈಟ್ ಸರ 240, ಟೇಪ್ ಮತ್ತು ಕ್ಲಿಪ್ 100. ಗೋಡೆ 800ಕ್ಕೆ ಮುಗಿಯಿತು. ಮದುಮಗಳ ಸ್ಯಾಶ್ 150, ವೇಲ್ 100. ಬ್ಯಾಡ್ಜ್ ಒಂದು ಹೆಚ್ಚಿಗೆ ಸೇರಿ ಹನ್ನೆರಡಕ್ಕೆ 420. ಬಳೆ ಹನ್ನೆರಡು ಡಜನ್ 720. ಕಾರ್ಡ್ ಮತ್ತು ಪ್ರಾಪ್ ಪ್ರಿಂಟ್ 350. ಹೂವು 800. ತಟ್ಟೆ 200. ಆಟೋ, ಮೆಟ್ರೋ 300. ಒಟ್ಟು 3,840. ಉಳಿಯೋ 1,160ನ್ನು ಮೊದಲೇ ಖರ್ಚು ಮಾಡಬೇಡಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತೆ, ಹೂವಿನದ್ದು ದಿನದಿಂದ ದಿನಕ್ಕೆ. ಶನಿವಾರ ಬೆಳಗ್ಗೆ ಹೂವು ತಂದಮೇಲೂ ಉಳಿದರೆ ಮದುಮಗಳಿಗೆ ಒಂದು ಒಳ್ಳೆ ಮೆಟಲ್ ಬಳೆ ಸೆಟ್ ಸೇರಿಸಿ.

ಪಾಪರ್, ಕಾಗದದ ಚೂರು ಹಾರಿಸೋದು ಬಾಡಿಗೆ ಮನೆಯಲ್ಲಿ ಬೇಡ. ಫ್ಯಾನ್ ರೆಕ್ಕೆ ಮೇಲೆ ಕೂತದ್ದು ವಾರಗಟ್ಟಲೆ ಉದುರುತ್ತೆ. ಸ್ಪೀಕರ್ ಇದ್ದರೆ ರಾತ್ರಿ ಹತ್ತಕ್ಕೆ ಮುಂಚೆ ಮುಗಿಸಿ, ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧ ಇದೆ.

---

ಬಲೂನು_ಕಟ್ಟೋರು:

ಒಂದು ಸೇರಿಸ್ತೀನಿ, ಬಿಚ್ಚೋ ಕೆಲಸ. ಬಲೂನುಗಳನ್ನು ಒಡೆಯಬೇಡಿ, ರಬ್ಬರ್ ಚೂರು ಮೂಲೆ ಮೂಲೆಗೆ ಹಾರುತ್ತೆ. ಗಂಟಿನ ಪಕ್ಕದ ದಪ್ಪ ಕುತ್ತಿಗೆಯನ್ನು ಕತ್ತರಿಯಿಂದ ಸಣ್ಣಗೆ ಕೊಯ್ದರೆ ಸುಯ್ಯೆಂದು ಇಳಿಯುತ್ತೆ, ಶಬ್ದವೂ ಇಲ್ಲ. ಮಾಸ್ಕಿಂಗ್ ಟೇಪ್ ಹಾಕಿದ್ದರೆ ಗೋಡೆಯಿಂದ ಹೊರಕ್ಕೆ ಎಳೆಯಬೇಡಿ, ಗೋಡೆಗೆ ಒರಗಿಸಿದಂತೆ ಹಿಂದಕ್ಕೆ ಮಡಿಸಿ ನಿಧಾನವಾಗಿ ಎಳೆಯಿರಿ. ಲೈಟ್ ಸರವನ್ನು ಒಂದು ರಟ್ಟಿನ ತುಂಡಿಗೆ ಸುತ್ತಿಡಿ, ಮದುವೆಯ ಹಿಂದಿನ ದಿನ ಚಪ್ಪರಕ್ಕೆ ಮತ್ತೆ ಬೇಕಾಗುತ್ತೆ.